ಜೇನು ಓಡಿಹೋಯಿತೆಂಬ ದೂರು

ಕರಾವಳಿಯಲ್ಲಿಯೂ ಸಹ್ಯಾದ್ರಿಯ ಮಗ್ಗುಲಿನ ಸೀಮೆಗಳಲ್ಲಿಯೂ ಪುಷ್ಯಮಾಸದಿಂದ ಚೈತ್ರದವರೆಗೆ ತಪ್ಪದೆ ಕೇಳಿಬರುವ ದೂರೊಂದುಂಟು. ಅಂಗಳದ ಅಂಚಿನಲ್ಲಿ, ಅಡಕೆಯ ತೋಟದ ನೆರಳಿನಲ್ಲಿ, ಹಿತ್ತಿಲ ಹಲಸಿನ ಬುಡದಲ್ಲಿ ಒಂದೆರಡು ಜೇನುಪೆಟ್ಟಿಗೆಗಳನ್ನು ಇಟ್ಟುಕೊಂಡಿರುವ ಸದ್ಗೃಹಸ್ಥರು ‘ಜೇನು ಓಡಿಹೋಯಿತು’ ಎಂದು ಬಂದವರೊಡನೆಲ್ಲ ಹೇಳಿಕೊಳ್ಳುವರು. ವಕೀಲರು, ಉಪಾಧ್ಯಾಯರು, ನೌಕರಿಯಿಂದ ನಿವೃತ್ತರಾದವರು, ತೋಟದ ಯಜಮಾನರು—ವಿನೋದಕ್ಕಾಗಿ ಜೇನು ಸಾಕುವ ಈ ವರ್ಗದಲ್ಲಿ ಓದುಬರಹವಿಲ್ಲದವರು ವಿರಳ. ಆದರೂ ದೂರಿನ ಧಾಟಿ ಎಲ್ಲರದೂ ಒಂದೇ. ತುಡುವೆಯು ನಂಬಿಕೆಗೆ ಯೋಗ್ಯವಲ್ಲದ ಪ್ರಾಣಿ. ಸಕ್ಕರೆಯ ಪಾಕವನ್ನು ಕುಡಿಸಿ ಮಳೆಗಾಲವನ್ನು ದಾಟಿಸಿದರೂ, ಹೂವು ಅರಳುವ ಹೊತ್ತಿಗೆ ಸರಿಯಾಗಿ ಉಪಕಾರವನ್ನು ಮರೆತು ಕಾಡು ಸೇರುವುದು! ಈ ವ್ಯಾಜ್ಯದಲ್ಲಿ ವಾದಿಯೂ ಅವರೇ, ಸಾಕ್ಷಿಯೂ ಅವರೇ, ತೀರ್ಪು ಕೊಡುವವರೂ ಅವರೇ. ಪ್ರತಿವಾದಿಯ ಪಕ್ಷದಲ್ಲಿ ಹೇಳತಕ್ಕುದೇನಾದರೂ ಉಂಟೇ ಎಂದು ವಿಚಾರಿಸುವುದು ನ್ಯಾಯವಾಗಿದೆ.

ಮೊದಲಾಗಿ ಮಾತಿನ ಗೊಂದಲವನ್ನು ಬಿಡಿಸಬೇಕು. ಜೇನು ಮನೆಬಿಡುವುದು ಎರಡು ವಿಧ. ಒಂದು ಪರಾರಿ. ಇರುವೆಯ ಕಾಟ, ಮೇಣದ ಹುಳುವಿನ ಬಾಧೆ, ಮಳೆಗಾಲದ ಹಸಿವು, ಬಿಸಿಲಿನ ತಾಪ, ದಿನಬೆಳಗಾದರೆ ಮುಚ್ಚಳ ತೆಗೆದು ಕದಲಿಸುವ ಒಡೆಯನ ಉಪದ್ರವ—ಇವುಗಳಿಂದ ಬೇಸತ್ತ ಕುಟುಂಬವು ಸಂಸಾರಸಮೇತ ಹೊರಟುಹೋಗುವುದು; ಪೆಟ್ಟಿಗೆಯಲ್ಲಿ ಬರಿಯ ಎರಿಗಳ ಹೊರತು ಮತ್ತೇನೂ ಉಳಿಯದು. ಇನ್ನೊಂದು ಪಾಲು. ಇಲ್ಲಿ ಕುಟುಂಬವು ಎರಡಾಗುವುದು. ಒಂದು ಭಾಗವು ಹೊರಡುವುದು, ಇನ್ನೊಂದು ಭಾಗವು ಮೊಟ್ಟೆಮರಿಗಳೊಡನೆ ಮನೆಯಲ್ಲಿಯೇ ಉಳಿಯುವುದು. ಪರಾರಿಯು ದಾರಿದ್ರ್ಯದ ಫಲ, ಪಾಲು ಸಮೃದ್ಧಿಯ ಫಲ. ಒಂದು ಕುಟುಂಬವು ಸೋತಿತೆಂಬುದಕ್ಕೆ ಮೊದಲನೆಯದು ಸಾಕ್ಷಿ. ಗೆದ್ದಿತೆಂಬುದಕ್ಕೆ ಎರಡನೆಯದು ಸಾಕ್ಷಿ. ಇವೆರಡನ್ನೂ ‘ಓಡಿಹೋಯಿತು’ ಎಂಬ ಒಂದೇ ಮಾತಿನ ಚೀಲದೊಳಗೆ ತುಂಬುವವನು, ಹೆರಿಗೆಗೂ ಮರಣಕ್ಕೂ ಒಂದೇ ಹೆಸರಿಟ್ಟವನಂತೆ, ರೋಗವನ್ನು ತಿಳಿಯುವುದೂ ಇಲ್ಲ, ಆರೋಗ್ಯವನ್ನು ಗುರುತಿಸುವುದೂ ಇಲ್ಲ. ವಸಂತದಲ್ಲಿ ಕೇಳಿಬರುವ ದೂರುಗಳಲ್ಲಿ ಬಹುಪಾಲು ಪಾಲಿನವು; ಆದುದರಿಂದ ಇಲ್ಲಿ ವಿಚಾರವು ಅದರದೇ.

ಕೃತಘ್ನತೆಯ ಆರೋಪವು ನಿಲ್ಲುವುದೇ? ಪಾಲಿನ ಕ್ರಮವನ್ನು ನೋಡಿದವರು ಈ ಮಾತನ್ನು ಆಡಲಾರರು. ಜಿನೀವದ ಫ್ರಾನ್ಸ್ವಾ ಹ್ಯೂಬರನು ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದವನು. ತನ್ನ ಸೇವಕನಾದ ಬುರ್ನೆನ್ಸನ ಕಣ್ಣುಗಳಿಂದ ನೋಡಿ, ಅವನನ್ನು ಪ್ರಶ್ನಿಸಿ, ಮತ್ತೆ ಮತ್ತೆ ಪರೀಕ್ಷಿಸಿ, 1792ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಇಂದಿಗೂ ಮಾನ್ಯವಾಗಿದೆ. ಮೊದಲ ಪಾಲಿನೊಡನೆ ಹೊರಡುವವಳು ಹಳೆಯ ರಾಣಿಯೇ ಎಂಬುದು ಅವನು ಬರೆದಿಟ್ಟ ಸಂಗತಿಗಳಲ್ಲೊಂದು. ಕಟ್ಟಿದ ಎರಿ, ಕೂಡಿಟ್ಟ ತುಪ್ಪ, ಸಂಗ್ರಹಿಸಿದ ಪರಾಗ, ಬೆಳೆಯುತ್ತಿರುವ ಮರಿಗಳು—ಇವೆಲ್ಲವನ್ನೂ ಇನ್ನೂ ಹುಟ್ಟದಿರುವ ಮಗಳಿಗೆ ಬಿಟ್ಟು, ಹೊಟ್ಟೆಯಲ್ಲಿ ಹಿಡಿಯುವಷ್ಟು ಜೇನನ್ನು ಮಾತ್ರ ಹೊತ್ತ ಪರಿವಾರದೊಡನೆ, ಮನೆಯ ಹಿರಿಯಳು ನೆಲೆಯಿಲ್ಲದ ಬಯಲಿಗೆ ಇಳಿಯುವಳು. ಮನುಷ್ಯರ ಪಾಲುಪಟ್ಟಿಗಳಲ್ಲಿ ಹಿರಿಯರು ಇಂಥ ಪಾಲನ್ನು ಆರಿಸಿಕೊಂಡ ದೃಷ್ಟಾಂತಗಳು ಎಷ್ಟಿರಬಹುದು? ಕಣ್ಣಿಲ್ಲದವನು ಕಂಡುದನ್ನು ಕಣ್ಣಿದ್ದವರು ಕಾಣದಿರುವುದು ಸೋಜಿಗವಲ್ಲವೇ?

ಪಾಲಿನ ಕಾರಣವೂ ಗುಟ್ಟಾಗಿ ಉಳಿದಿಲ್ಲ. ರಾಣಿಯ ಮೈಯಿಂದ ಒಸರುವ ಒಂದು ದ್ರವ್ಯವು ಬಾಯಿಂದ ಬಾಯಿಗೆ ಹರಡಿ, ರಾಣಿಯು ಇರುವಳೆಂಬ ವಾರ್ತೆಯನ್ನು ಕುಟುಂಬಕ್ಕೆಲ್ಲ ಮುಟ್ಟಿಸುವುದೆಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಕಾಲಿನ್ ಬಟ್ಲರ್ ಎಂಬ ವಿಜ್ಞಾನಿಯು 1954ರಲ್ಲಿ ತಿಳಿಸಿದನು. ಮನೆಯು ಕಿಕ್ಕಿರಿದಾಗ ಈ ದ್ರವ್ಯವು ಎಲ್ಲರಿಗೂ ಸಾಕಷ್ಟು ಒದಗದು. ಮೊಟ್ಟೆಯಿಡಲು ರಾಣಿಗೆ ಕಣಗಳೂ ದೊರೆಯವು. ಹಾಲುಣಿಸುವ ಎಳೆಯ ನೊಣಗಳಿಗೆ ಉಣಿಸಲು ಮರಿಗಳಿರವು. ಆಗ ಎರಿಯ ಕೆಳಅಂಚಿನಲ್ಲಿ ರಾಣಿಕೋಶಗಳು ಇಳಿಬೀಳುವುವು. ಹೀಗೆ ಕುಟುಂಬವನ್ನು ಹೊರಡಿಸುವ ಕಾರಣಗಳಲ್ಲಿ ಮುಖ್ಯವಾದುದು ಇಕ್ಕಟ್ಟು. ಆ ಇಕ್ಕಟ್ಟನ್ನು ಕಾಲದಲ್ಲಿ ಸಡಿಲಿಸಬೇಕಾದವನು ಯಾರು? ಪೆಟ್ಟಿಗೆಯ ಒಡೆಯನೇ ಅಲ್ಲವೇ? ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನೋಡಲಾರದವನು ಜೇನಿಗೆ ನಿಷ್ಠೆಯಿಲ್ಲವೆನ್ನುವನು.

ಇದೆಲ್ಲವೂ ಒಂದು ರಾತ್ರಿಯಲ್ಲಿ ಆಗುವ ಅನಾಹುತವೂ ಅಲ್ಲ. ಮಳೆಗಾಲ ಕಳೆದು ಹೊಲಗದ್ದೆಗಳ ಅಂಚಿನ ಗಿಡಬಳ್ಳಿಗಳು ಹೂಬಿಟ್ಟಾಗಿನಿಂದ ಕುಟುಂಬವು ಬೆಳೆಯತೊಡಗುವುದು. ಪಾಲಿಗೆ ಕೆಲವು ವಾರಗಳ ಮೊದಲೇ ಗಂಡುನೊಣಗಳ ಕಣಗಳು ಕಾಣುವುವು; ತುಡುವೆಯಲ್ಲಿ ಅವುಗಳ ಉಬ್ಬಿದ ಮುಚ್ಚಳದ ನಡುವೆ ಸೂಜಿಯ ಮೊನೆಯಷ್ಟು ರಂಧ್ರವಿರುವುದರಿಂದ ಗುರುತಿಸುವುದು ಮಕ್ಕಳಿಗೂ ಸಾಧ್ಯ. ಅನಂತರ ರಾಣಿಕೋಶಗಳು. ಮೊಟ್ಟೆಯಾಗಿ ಮೂರು ದಿನ, ಮರಿಯಾಗಿ ಸುಮಾರು ಐದು ದಿನ ಕಳೆದ ಮೇಲೆ ಕೋಶವು ಮುಚ್ಚಲ್ಪಡುವುದು; ಕೋಶವು ಮುಚ್ಚಿದ ಮೇಲೆ ಬಿಸಿಲೇರಿದ ಒಂದು ನಿರ್ಮಲವಾದ ದಿನ ಪಾಲು ಹೊರಡುವುದು. ಅಂದರೆ, ಏಳು ದಿನಗಳಿಗೊಮ್ಮೆ ಪೆಟ್ಟಿಗೆಯನ್ನು ತೆರೆದು ಎರಿಗಳ ಅಂಚನ್ನು ನೋಡುವವನಿಗೆ ತಿಳಿಯದಂತೆ ಪಾಲಾಗುವುದು ಅಪರೂಪ. ಇಷ್ಟು ಮುಂಚಿತವಾಗಿ, ಇಷ್ಟು ಸ್ಪಷ್ಟವಾಗಿ ನೋಟೀಸು ಕೊಟ್ಟು ಮನೆ ಬಿಡುವ ಬಾಡಿಗೆದಾರರು ಊರಿನಲ್ಲಿ ಬೇರೆ ಯಾರಿರುವರು?

ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಜೇನುಗಳು ತಮ್ಮ ಓಡಾಟಕ್ಕೆ ಬಿಟ್ಟುಕೊಳ್ಳುವ ಕಿರುದಾರಿಯ ಅಳತೆಯನ್ನು ಅರಿತು, ಎತ್ತಿ ಇಳಿಸಬಹುದಾದ ಚೌಕಟ್ಟುಗಳ ಪೆಟ್ಟಿಗೆಯನ್ನು ರಚಿಸಿದುದು ಏತಕ್ಕೆ? 1911ರಿಂದ 1917ರವರೆಗೆ ತಿರುಚಿರಾಪಳ್ಳಿಯ ಸೀಮೆಯ ಹಳ್ಳಿಗರಿಗೆ ಜೇನುಸಾಕಣೆಯನ್ನು ಕಲಿಸಿದ ಪಾದ್ರಿ ನ್ಯೂಟನ್ನರು ತುಡುವೆಯ ಮೈಗಾತ್ರಕ್ಕೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ಮಾಡಿದುದು ಏತಕ್ಕೆ? ಎರಿಯನ್ನು ಮುರಿಯದೆ, ಮರಿಯನ್ನು ಕೊಲ್ಲದೆ, ಒಳಗನ್ನು ನೋಡಲೆಂದು. ತೆರೆದು ನೋಡದ ಪೆಟ್ಟಿಗೆಗೂ ಮರದ ಪೊಟರೆಗೂ ಭೇದವೇನು? ಪೊಟರೆಯಲ್ಲಿರುವ ಜೇನಿಗೆ ಒಡೆಯನೆಂದು ಹೇಳಿಕೊಳ್ಳುವವನಾದರೂ ಇಲ್ಲ. ಅಷ್ಟರ ಮಟ್ಟಿಗೆ ಅದು ಸುಖಿಯಾಗಿದೆ.

ನೋಡದವರದು ಒಂದು ದೋಷವಾದರೆ, ನೋಡಿಯೂ ತಪ್ಪು ಮದ್ದನ್ನು ಕೊಡುವವರದು ಇನ್ನೊಂದು. ಹೊರಟ ಪಾಲಿನ ಹಿಂದೆ ತಟ್ಟೆ ಜಾಗಟೆಗಳನ್ನು ಬಡಿದು ಓಡುವ ಪದ್ಧತಿಯನ್ನೂ, ಅರಸನ ರೆಕ್ಕೆಯನ್ನು ಕೀಳಬೇಕೆಂಬ ಉಪದೇಶವನ್ನೂ ರೋಮಿನ ವರ್ಜಿಲ್ ಕವಿಯು ಎರಡು ಸಾವಿರ ವರ್ಷಗಳ ಹಿಂದೆಯೇ ತನ್ನ ಕೃಷಿಕಾವ್ಯದಲ್ಲಿ ಹೇಳಿದ್ದಾನೆ. ಗೂಡಿನ ಒಡೆತನವು ಹೆಣ್ಣಿನದೆಂಬುದೇ ಆ ಕಾಲದವರಿಗೆ ತಿಳಿದಿರಲಿಲ್ಲ, ಅವರನ್ನು ಕ್ಷಮಿಸಬಹುದು. ಆದರೆ ರಾಣಿಯ ರೆಕ್ಕೆಯನ್ನು ಕತ್ತರಿಸಿ, ಪಾಲನ್ನು ತಡೆದೆನೆಂದು ಇಂದು ಬೀಗುವವರನ್ನು ಏನೆನ್ನಬೇಕು? ರೆಕ್ಕೆಯಿಲ್ಲದ ರಾಣಿಯು ಪಾಲಿನ ದಿನ ಬಾಗಿಲಿನಿಂದ ಹೊರಬಂದು ನೆಲಕ್ಕೆ ಬೀಳುವಳು; ಇರುವೆಗಳಿಗೆ ಆಹಾರವಾಗುವಳು. ನೊಣಗಳು ಅವಳನ್ನು ಕಾಣದೆ ಹಿಂದಿರುಗುವುವು ನಿಜ. ಆದರೆ ಕೆಲವೇ ದಿನಗಳಲ್ಲಿ ಕೋಶದಿಂದ ಕನ್ಯಾರಾಣಿಯು ಹೊರಬಂದೊಡನೆ ಅವಳ ಸಂಗಡ ಅವೇ ನೊಣಗಳು ಹಾರಿಹೋಗುವುವು. ಒಡೆಯನಿಗೆ ದಕ್ಕಿದುದು ಒಂದು ವಾರದ ವಿಳಂಬ. ಅದಕ್ಕೆ ತೆತ್ತ ಬೆಲೆ, ಮೊಟ್ಟೆಯಿಡುತ್ತಿದ್ದ ಒಬ್ಬ ರಾಣಿಯ ಪ್ರಾಣ.

ಇನ್ನು ಕೆಲವರು ಬಾಗಿಲಿಗೆ ರಾಣಿತಡೆಯನ್ನು ಹಾಕಿ ನಿಶ್ಚಿಂತರಾಗುವರು. ಹಿಡಿದು ತಂದ ಹೊಸ ಕುಟುಂಬವು ಎರಿ ಕಟ್ಟಿ ನೆಲೆಗೊಳ್ಳುವವರೆಗೆ ನಾಲ್ಕಾರು ದಿನ ಬಳಸತಕ್ಕ ಸಾಧನವದು. ಅದನ್ನೇ ತಿಂಗಳುಗಟ್ಟಲೆ ಬಿಟ್ಟರೆ ದಪ್ಪ ಮೈಯ ಗಂಡುನೊಣಗಳು ಆ ಸಂದಿನಲ್ಲಿ ತೂರಲಾರದೆ ಬಾಗಿಲಲ್ಲಿಯೇ ಸತ್ತು ಗಾಳಿಗೆ ಎಡೆಯಿಲ್ಲದಂತೆ ಮಾಡುವುವು. ಒಳಗೆ ಹುಟ್ಟಿದ ಕನ್ಯಾರಾಣಿಯು ಕೂಡುವಿಕೆಗಾಗಿ ಹೊರಗೆ ಹಾರಲಾರದೆ ಬಂಜೆಯಾಗಿ ಉಳಿಯುವಳು. ಕುಟುಂಬವು ಕ್ರಮವಾಗಿ ಕ್ಷಯಿಸಿ ಮೇಣದ ಹುಳುವಿಗೆ ಮನೆಯಾಗುವುದು. ಕಳ್ಳನು ಬಾರದಿರಲೆಂದು ಮನೆಮಂದಿಯನ್ನು ಒಳಗಿಟ್ಟು ಬಾಗಿಲಿಗೆ ಗೋಡೆ ಕಟ್ಟಿದಂತಾಯಿತು ಇದು.

ಮೂರನೆಯ ಮದ್ದು, ಕಂಡ ಕಂಡ ರಾಣಿಕೋಶಗಳನ್ನೆಲ್ಲ ಚಿವುಟುವುದು. ಇದು ಹೆಚ್ಚು ತಿಳಿದವರು ಮಾಡುವ ತಪ್ಪು; ಆದುದರಿಂದಲೇ ಹೆಚ್ಚು ಅಪಾಯಕರವಾದುದು. ಎರಿಯ ಮಡಿಕೆಯಲ್ಲಿ ಒಂದು ಕೋಶವು ಕಣ್ತಪ್ಪಿದರೂ ಪಾಲು ಹೊರಡುವುದು. ಇಕ್ಕಟ್ಟನ್ನು ಹಾಗೆಯೇ ಉಳಿಸಿ ಕೋಶವನ್ನು ಮಾತ್ರ ಚಿವುಟಿದರೆ ನೊಣಗಳು ಮರುದಿನವೇ ಹೊಸದನ್ನು ಕಟ್ಟತೊಡಗುವುವು. ಎಲ್ಲಕ್ಕಿಂತ ಕೆಟ್ಟುದು, ಪಾಲು ಆಗಲೇ ಹೋಗಿರುವುದನ್ನು ಅರಿಯದೆ, ಉಳಿದ ಕುಟುಂಬದ ಏಕೈಕ ಆಶ್ರಯವಾದ ಕೋಶಗಳನ್ನು ನಿರ್ಮೂಲ ಮಾಡುವುದು. ಹಳೆಯ ರಾಣಿ ಹೋದಳು, ಹೊಸ ರಾಣಿಯನ್ನು ಒಡೆಯನು ಕೊಂದನು; ರಾಣಿಯಿಲ್ಲದ ತುಡುವೆಯಲ್ಲಿ ಕೆಲಸದ ನೊಣಗಳೇ ಬೇಗನೆ ಮೊಟ್ಟೆಯಿಡತೊಡಗಿ, ಗಂಡುನೊಣಗಳ ಹೊರತು ಬೇರೇನೂ ಹುಟ್ಟದೆ ವಂಶವು ಮುಗಿಯುವುದು. ಕೊಳ್ಳೆಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬುದು ಗಾದೆ. ಇಲ್ಲಿಯಾದರೋ ಕೊಳ್ಳೆಹೊಡೆದ ಮೇಲೆ ಕೋಟೆಯೊಳಗೆ ಉಳಿದವರನ್ನೇ ಕೊಂದಂತಾಗುವುದು.

ಹಾಗಾದರೆ ಮಾಡತಕ್ಕುದೇನು? ಉತ್ತರವು ಸರಳವಾಗಿದೆ. ಜೇನು ತಾನಾಗಿ ಪಾಲಾಗುವ ಮೊದಲು ಒಡೆಯನೇ ನಿಂತು ಪಾಲು ಮಾಡಿಕೊಡಬೇಕು. ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದು ನಿಶ್ಚಯವೆಂದು ಕಂಡಾಗ ವಿವೇಕಿಯಾದ ಹಿರಿಯನು ಪಂಚಾಯಿತರನ್ನು ಕರೆಸಿ ಪಾತ್ರೆಪದಾರ್ಥ ಹೊಲಗದ್ದೆಗಳನ್ನು ಹಂಚಿ ಎರಡು ಒಲೆಗಳನ್ನೂ ಹೊತ್ತಿಸಿಕೊಡುವನು. ಅವಿವೇಕಿಯು ಕೋರ್ಟಿನ ಅಮೀನನು ಬರುವವರೆಗೆ ಕಾಯುವನು. ಗಂಡುನೊಣದ ಕಣಗಳು ಕಂಡಾಗಲೇ ಸಂಸಾರಕೋಣೆಗೆ ಬರಿದಾದ ಚೌಕಟ್ಟನ್ನು ಕೊಟ್ಟು, ಮೇಲೆ ಜೇನುಕೋಣೆಯನ್ನಿಟ್ಟು ಎಡೆಯನ್ನು ಹೆಚ್ಚಿಸಬೇಕು. ಅಷ್ಟಾದರೂ ರಾಣಿಕೋಶಗಳು ಇಳಿದರೆ, ಹಳೆಯ ರಾಣಿಯನ್ನು ಮರಿ, ಪರಾಗ, ತುಪ್ಪಗಳಿರುವ ಮೂರುನಾಲ್ಕು ಎರಿಗಳೊಡನೆಯೂ ಅವುಗಳನ್ನು ಹೊದ್ದ ನೊಣಗಳೊಡನೆಯೂ ಹೊಸ ಪೆಟ್ಟಿಗೆಗೆ ಸಾಗಿಸಬೇಕು. ಆ ಎರಿಗಳಲ್ಲಿ ರಾಣಿಕೋಶವೊಂದೂ ಇರಕೂಡದು. ಹಳೆಯ ಪೆಟ್ಟಿಗೆಯಲ್ಲಿ ಪುಷ್ಟವಾದ ಒಂದೆರಡು ಕೋಶಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ತೆಗೆಯಬೇಕು. ಹಳೆಯ ಪೆಟ್ಟಿಗೆಯಿದ್ದ ಸ್ಥಳದ ಎಡಬಲಗಳಲ್ಲಿ ಎರಡನ್ನೂ ಸಮದೂರದಲ್ಲಿಟ್ಟರೆ ಮೇವಿಗೆ ಹೋದ ನೊಣಗಳು ಹಿಂದಿರುಗುವಾಗ ಎರಡಕ್ಕೂ ಹಂಚಿಹೋಗುವುವು. ನೊಣ ಕಡಮೆಯಾದ ಕಡೆಗೆ ಪೆಟ್ಟಿಗೆಯನ್ನು ತುಸು ಸರಿಸಿದರೆ ಸಮವಾಗುವುದು. ಸಂಜೆಯ ವೇಳೆ ಕೆಲವು ದಿನ ಪಾಕವನ್ನು ಕೊಟ್ಟು, ಮೂರು ವಾರಗಳೊಳಗೆ ಹೊಸ ರಾಣಿಯ ಮೊಟ್ಟೆಗಳು ಕಣ್ಣಿಗೆ ಬಿದ್ದವೆಂದರೆ ಒಂದು ಕುಟುಂಬವು ಎರಡಾಯಿತು; ಯಾರೂ ಓಡಲಿಲ್ಲ, ಯಾರೂ ಅಟ್ಟಲಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಮೂರು. ಕುಟುಂಬವನ್ನು ಒಡೆದರೆ ತುಪ್ಪ ಕಡಮೆಯಾಗುವುದೆಂಬುದು ಒಂದು. ಇದರಲ್ಲಿ ಸತ್ಯಾಂಶವುಂಟು: ಹೂವಿನ ಸುಗ್ಗಿಯಲ್ಲಿ ಎರಡು ದುರ್ಬಲ ಕುಟುಂಬಗಳಿಗಿಂತ ಒಂದು ಬಲವಾದ ಕುಟುಂಬವು ಹೆಚ್ಚು ತರುವುದು. ಆದುದರಿಂದಲೇ ಕಾಲಜ್ಞಾನವು ಮುಖ್ಯ. ಪುಷ್ಯಮಾಘಗಳಲ್ಲಿ ಪಾಲು ಮಾಡಿದ ಕುಟುಂಬಗಳು ಮುಂದೆ ನೇರಳೆ ಹೂಬಿಡುವ ಹೊತ್ತಿಗೆ, ಹೂಮಳೆ ಬಿದ್ದು ಕಾಫಿಯ ತೋಟ ಬೆಳ್ಳಗಾಗುವ ಹೊತ್ತಿಗೆ ಬಲಿತು ನಿಲ್ಲಬಲ್ಲವು. ಬೇಕೆಂದರೆ ಹಳೆಯ ರಾಣಿಯನ್ನು ತೆಗೆದು ಎರಡನ್ನೂ ಮತ್ತೆ ಕೂಡಿಸಲೂಬಹುದು. ಏನನ್ನೂ ಮಾಡದೆ ಬಿಟ್ಟ ಕುಟುಂಬವು ಸುಗ್ಗಿಯ ಬಾಗಿಲಲ್ಲಿಯೇ ಪಾಲಾಗಿ ಅರ್ಧಕ್ಕೂ ಮಿಗಿಲಾದ ನೊಣಗಳನ್ನು ಕಳೆದುಕೊಳ್ಳುವುದು. ಅರ್ಧ ತುಪ್ಪದ ಲೋಭದಿಂದ ಇಡೀ ತುಪ್ಪವನ್ನು ಬಿಡುವುದು ಯಾವ ಲೆಕ್ಕ?

ಎರಡನೆಯದು ತತ್ತ್ವಜ್ಞಾನಿಗಳ ಆಕ್ಷೇಪ. ಪಾಲಾಗುವುದು ಪ್ರಕೃತಿಯ ಧರ್ಮ, ಅದರಲ್ಲಿ ಮನುಷ್ಯನು ಕೈಹಾಕಬಾರದೆಂದು ಇವರು ಹೇಳುವರು. ಪ್ರಕೃತಿಯ ಮೇಲೆ ಅಷ್ಟು ಗೌರವವಿದ್ದವರು ಪೊಟರೆಯ ಜೇನನ್ನು ಪೆಟ್ಟಿಗೆಗೆ ತಂದುದೇಕೆ? ಅದರ ತುಪ್ಪವನ್ನು ಯಂತ್ರದಲ್ಲಿ ತಿರುಗಿಸಿ ತೆಗೆದುದೇಕೆ? ತೆಗೆಯುವಾಗ ಮಲಗಿದ್ದ ವೈರಾಗ್ಯವು ಕೊಡಬೇಕಾದಾಗ ಎಚ್ಚರಗೊಳ್ಳುವುದು ವಿಚಿತ್ರವಾಗಿದೆ. ಮೊದಲ ಪಾಲು ಹೋದ ಮೇಲೆ ಎರಡನೆಯದು, ಮೂರನೆಯದು ಎಂದು ಕನ್ಯಾರಾಣಿಯರೊಡನೆ ಕಿರುಪಾಲುಗಳು ಹೊರಟರೆ ತಾಯಿಕುಟುಂಬವು ಹಿಡಿಯಷ್ಟಾಗಿ ಮಳೆಗಾಲವನ್ನು ಕಾಣದು. ಹೊರಟವುಗಳಲ್ಲಿಯೂ ಎಷ್ಟೋ ನೆಲೆ ಸಿಗದೆ ಅಳಿಯುವುವು. ಜರ್ಮನಿಯ ಮಾರ್ಟಿನ್ ಲಿಂಡವರ್ 1955ರಲ್ಲಿ ಪ್ರಕಟಿಸಿದಂತೆ, ಕೊಂಬೆಗೆ ಜೋತುಬಿದ್ದ ಪಾಲಿನಿಂದ ಹೊರಟ ಶೋಧಕ ನೊಣಗಳು ಕಂಡುಬಂದ ಪೊಟರೆಗಳ ಸುದ್ದಿಯನ್ನು ತಮ್ಮ ನರ್ತನದಿಂದ ಅರುಹಿ, ಒಮ್ಮತವಾದ ಮೇಲೆಯೇ ಎಲ್ಲವೂ ಏಳುವುವು. ಹಳೆಯ ಮರಗಳನ್ನೆಲ್ಲ ಕಡಿದು, ಮಣ್ಣಿನ ಗೋಡೆಗಳನ್ನು ಸಿಮೆಂಟಿನಿಂದ ಮುಚ್ಚಿದ ಊರಿನಲ್ಲಿ ಆ ಶೋಧಕರು ಯಾವ ಸುದ್ದಿಯನ್ನು ತರಬೇಕು?

ಮೂರನೆಯ ಆಕ್ಷೇಪ, ಪುರುಸೊತ್ತಿಲ್ಲವೆಂಬುದು. ಒಂದು ಪೆಟ್ಟಿಗೆಗೆ ವಾರಕ್ಕೆ ಹತ್ತು ನಿಮಿಷ, ವರ್ಷದಲ್ಲಿ ಮೂರು ನಾಲ್ಕು ತಿಂಗಳು. ಇದೂ ಇಲ್ಲದವರು ಅಂಗಳದ ಶೋಭೆಗೆ ಬೇರೆ ಸಾಮಾನನ್ನು ಆರಿಸಿಕೊಳ್ಳಬಹುದು.

ಇಷ್ಟರವರೆಗೆ ಹೇಳಿದುದು ಒಡೆಯನ ಲಾಭನಷ್ಟದ ಮಾತಾಗಿದ್ದರೆ ಇಷ್ಟು ಕಠಿಣವಾಗಿ ಹೇಳುವ ಅಗತ್ಯವಿರಲಿಲ್ಲ. ಆದರೆ ಬರಿದಾದ ಪೆಟ್ಟಿಗೆಯು ಬರಿದಾಗಿಯೇ ಉಳಿಯುವುದಿಲ್ಲ. ತನ್ನ ಕುಟುಂಬವನ್ನು ಪಾಲು ಮಾಡಲು ಕಲಿಯದವನು ಮರುವರ್ಷ ಕಾಡಿನತ್ತ ಕೈಚಾಚುವನು. ಆಳನ್ನು ಕಳುಹಿಸಿ ಹುತ್ತವನ್ನು ಅಗೆಸುವನು, ಪೊಟರೆಯನ್ನು ಕೊಡಲಿಯಿಂದ ಸೀಳಿಸುವನು, ಹಣಕೊಟ್ಟು ದೂರದ ಊರಿನಿಂದ ಕುಟುಂಬಗಳನ್ನು ತರಿಸುವನು. ಆ ಕುಟುಂಬವೂ ವಸಂತದಲ್ಲಿ ಹೋಗುವುದು. ಮತ್ತೆ ಕಾಡು, ಮತ್ತೆ ಕೊಡಲಿ. ಸೀಳಿದ ಪೊಟರೆಯಲ್ಲಿ ಮುಂದೆ ಯಾವ ಪಾಲೂ ನೆಲೆಸಲಾರದು. ಇದಕ್ಕೆ ಸಾಕಣೆಯೆಂಬ ಹೆಸರು ಸಲ್ಲದು. ಕಂತುಗಳಲ್ಲಿ ಮಾಡುವ ಕೊಳ್ಳೆ ಇದು.

ಈ ಕೊಳ್ಳೆಯ ಗುರುತ್ವವನ್ನು ಅರಿಯಲು 1991-92ನೆಯ ವರ್ಷಗಳನ್ನು ನೆನೆಯಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ಆಗ ದಕ್ಷಿಣ ಭಾರತದ ತುಡುವೆಗೆ ತಗುಲಿ, ಮರಿಗಳು ಚೀಲದಂತೆ ನೀರುತುಂಬಿ ಕಣಗಳಲ್ಲಿಯೇ ಸತ್ತವು. ಕೊಡಗು, ದಕ್ಷಿಣ ಕನ್ನಡ, ಮಲೆನಾಡುಗಳಲ್ಲಿ ಪೆಟ್ಟಿಗೆಗಳ ಬಹುಪಾಲು ಬರಿದಾಯಿತು. ತಲೆಮಾರುಗಳಿಂದ ಜೇನನ್ನು ನಂಬಿದ್ದ ಮನೆಗಳು ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದುವು. ಅನಂತರ ಜೇನುಸಾಕಣೆಯು ಚೇತರಿಸಿಕೊಂಡುದು, ಅಲ್ಲಲ್ಲಿ ಬದುಕುಳಿದ ಕುಟುಂಬಗಳ ಸಂತಾನದಿಂದ. ರೋಗವನ್ನು ಸಹಿಸಿ ಉಳಿದ ಆ ಬೀಜವು ಬೆಲೆ ಕಟ್ಟಲಾಗದ ಒಡವೆ. ಅದನ್ನು ಪೆಟ್ಟಿಗೆಯಲ್ಲಿ ಕ್ರಮವಾಗಿ ಪಾಲು ಮಾಡಿ, ಆರೋಗ್ಯವಂತವೂ ಶಾಂತವೂ ಆದ ಕುಟುಂಬದ ಕೋಶಗಳನ್ನು ಆರಿಸಿ ಬೆಳೆಸಿದರೆ ನಾಡಿಗೆ ಹಿತ. ಕಾಡಿನಿಂದ ಕದ್ದು ಅಂಗಳದಲ್ಲಿ ಕಳೆದರೆ, ಮುಂದಿನ ಪಿಡುಗು ಬಂದಾಗ ಮರಳಿ ತರುವುದು ಎಲ್ಲಿಂದ? ದೂರದಿಂದ ಸಾಗಿಸಿದ ಪರೀಕ್ಷಿಸದ ಕುಟುಂಬಗಳ ಸಂಗಡ ರೋಗವೂ ಸಾಗಿಬರಬಹುದೆಂಬುದನ್ನು ಬೇರೆ ಹೇಳಬೇಕೇ?

ಜೇನಿನ ಮೇಲೆ ಸಭೆಗಳಿಗೂ ಯೋಜನೆಗಳಿಗೂ ಈಗ ಕೊರತೆಯಿಲ್ಲ. ಸ್ಲೊವೇನಿಯದಲ್ಲಿ ಹುಟ್ಟಿ ವಿಯೆನ್ನದಲ್ಲಿ ಜೇನುಸಾಕಣೆಯ ಅಧ್ಯಾಪಕನಾಗಿದ್ದ ಆಂಟನ್ ಯಾನ್ಶನ ಸ್ಮರಣೆಗೆಂದು ಮೇ 20ನ್ನು ವಿಶ್ವ ಜೇನು ದಿನವೆಂದು ವಿಶ್ವಸಂಸ್ಥೆಯು 2017ರಲ್ಲಿ ಗೊತ್ತುಮಾಡಿತು. ಆ ಯಾನ್ಶನು 1771ರಲ್ಲಿ ಬರೆದ ಪುಸ್ತಕವು ಪಾಲಾಗುವಿಕೆಯನ್ನು ಕುರಿತದ್ದೇ. ಅವನ ದಿನವನ್ನು ಆಚರಿಸುವವರು ಅವನ ವಿಷಯವನ್ನು ಮರೆತಿರುವುದು ಎಂಥ ವಿಪರ್ಯಾಸ! ಮೇ 20ರ ವೇಳೆಗೆ ಕರಾವಳಿಯಲ್ಲಿ ಪಾಲಿನ ಕಾಲ ಕಳೆದಿರುವುದು, ಸುಗ್ಗಿ ಮುಗಿದಿರುವುದು, ಮಳೆಯ ಮೋಡ ಕಾಣಿಸುತ್ತಿರುವುದು. ಆಗ ಹೂಮಾಲೆ ಹಾಕಿ ಭಾಷಣ ಮಾಡಿದರೆ ಯಾವ ಪೆಟ್ಟಿಗೆ ಉಳಿದೀತು? ಸಹಾಯಧನದಿಂದ ಹಂಚಿದ ಪೆಟ್ಟಿಗೆಗಳ ಲೆಕ್ಕವನ್ನು ಇಡುವುದು ಸುಲಭ. ಎರಡು ವಸಂತಗಳಾದ ಮೇಲೆ ಅವುಗಳಲ್ಲಿ ಜೇನಿರುವವು ಎಷ್ಟೆಂದು ಎಣಿಸುವುದೇ ನಿಜವಾದ ಪರೀಕ್ಷೆ.

ಆದುದರಿಂದ ಊರೂರಿನ ಜೇನುಸಾಕುವವರ ಸಂಘಗಳು ಮಾಡಬೇಕಾದುದು ಇಷ್ಟು. ಮಾರ್ಗಶಿರದಲ್ಲಿಯೇ ಹೊಸಬರನ್ನು ಅನುಭವಸ್ಥರ ಪೆಟ್ಟಿಗೆಯ ಮುಂದೆ ಕೂರಿಸಿ ಗಂಡುಕಣ, ರಾಣಿಕೋಶಗಳನ್ನು ಕೈಯಲ್ಲಿ ಹಿಡಿಸಿ ತೋರಿಸಬೇಕು. ಒಂದು ಸಲವಾದರೂ ತನ್ನ ಕೈಯಿಂದ ಪಾಲು ಮಾಡದವನಿಗೆ ಎರಡನೆಯ ಪೆಟ್ಟಿಗೆಯನ್ನು ಕೊಡಕೂಡದು. ಕುಟುಂಬ ಬೇಕಾದವರು ನೆರೆಯವರು ಪಾಲು ಮಾಡಿದ ಕುಟುಂಬವನ್ನು ಕೊಳ್ಳಬೇಕು. ಪೊಟರೆಗೆ ಕೊಡಲಿ ಹಾಕಿದ ಕುಟುಂಬವನ್ನು ಯಾರೂ ಕೊಳ್ಳಬಾರದು. ಕಾಡಿನಲ್ಲಿರುವುದು ಕಾಡಿನಲ್ಲಿಯೇ ಬೆಳೆಯಲಿ.

ಮನೆಗಳಲ್ಲಿಯಾದರೋ ಇನ್ನೂ ಸುಲಭ. ಸಂಕಷ್ಟಿ ಏಕಾದಶಿಗಳಿಗೆ ಗುರುತು ಹಾಕುವ ಗೋಡೆಯ ಪಂಚಾಂಗದಲ್ಲಿಯೇ ಪುಷ್ಯದಿಂದ ಚೈತ್ರದವರೆಗೆ ಏಳು ದಿನಗಳಿಗೊಂದು ಗುರುತನ್ನು ಪೆಟ್ಟಿಗೆಗಾಗಿ ಹಾಕಬೇಕು. ಯಜಮಾನನಿಗೆ ಬಿಡುವಿಲ್ಲದಿದ್ದರೆ ಯಜಮಾನಿಯು, ಅವಳಿಗೂ ಇಲ್ಲದಿದ್ದರೆ ಕಣ್ಣು ಚುರುಕಾದ ಮಕ್ಕಳು ನೋಡಲಿ. ಮನೆಯಲ್ಲಿ ಯಾರಿಗೂ ಆಗದೆಂದಾದರೆ, ಜೇನಿರುವಾಗಲೇ ಆ ಪೆಟ್ಟಿಗೆಯನ್ನು ನೋಡಬಲ್ಲ ನೆರೆಯವನಿಗೆ ಒಪ್ಪಿಸಿಬಿಡುವುದು ಮಾನವಂತರ ಲಕ್ಷಣ. ಹಾಗೆ ಮಾಡದೆ ಮುಂದಿನ ವಸಂತದಲ್ಲಿಯೂ ಜೇನು ಓಡಿಹೋಯಿತೆಂದು ಹೇಳುವವರಿಗೆ ಕೇಳಿದವರು ಮರುಪ್ರಶ್ನೆ ಹಾಕಲಿ: ಕಡೆಯ ಸಲ ಮುಚ್ಚಳ ತೆಗೆದುದು ಎಂದು?